ಸರ್ವರ್ ಇಲ್ರೀ!

ನಮ್ಮ ಬೈಲಹೊಂಗಲ ಕಡೆ ಈಗ ಯಾವ ಕಿಟಕಿಯ ಮುಂದೆ ನಿಂತರೂ ಮೊದಲು ಕಿವಿಗೆ ಬೀಳುವ ಮಾತು, "ಸರ್ವರ್ ಇಲ್ರೀ." ಪಹಣಿಗೆ ನಿಂತರೂ ಅದೇ, ರೇಶನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೂ ಅದೇ. ಕಿತ್ತೂರು ತಾಲ್ಲೂಕಾಗುವ ಮೊದಲು ಅಲ್ಲಿಯವರು ಬೈಲಹೊಂಗಲದ ಬಸ್ಸು ಹತ್ತಿ ಬಂದು ಈ ಮಾತು ಕೇಳಿಸಿಕೊಂಡು ಹೋಗಬೇಕಿತ್ತು. ಈಗ ಊರಲ್ಲೇ ಕೇಳುವ ಅನುಕೂಲವಾಗಿದೆ. ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಫೋನು ಹತ್ತದಿದ್ದರೆ ನಾನು ಸಿಟ್ಟಾಗುವುದಿಲ್ಲ. ಅಷ್ಟು ಮಂದಿ ಒಮ್ಮೆಲೇ "ಎಲ್ಲಿದ್ದೀ?" ಎಂದು ಕೂಗಿದರೆ ಟವರಾದರೂ ಏನು ಮಾಡೀತು?

ಸರ್ವರು ದೂರದ ಬೆಂಗಳೂರಿನಲ್ಲಿದ್ದರೆ ಬೈದು ಮನೆಗೆ ಬರಬಹುದು. ಒಂದೇ ಕಾಂಪೌಂಡಿನೊಳಗಿದ್ದೂ ಕೈಗೆ ಸಿಗದಿದ್ದರೆ ಯಾರನ್ನು ಬೈಯುವುದು?

2004ರ ಆಚೀಚೆ, ಫ್ಯಾಕ್ಸು ಇನ್ನೂ ಗೌರವದಿಂದ ಬಾಳುತ್ತಿದ್ದ ಕಾಲ. ನಮ್ಮ ಕಡೆಯ ಒಂದು ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಫ್ಯಾಕ್ಸ್ ಮಷೀನು ತೆಗೆದು ಸಾಫ್ಟ್‌ವೇರ್ ಹಾಕಿಸಿದ್ದರು. ಮೋಡೆಮ್ಮೂ ಟೆಲಿಫೋನ್ ಲೈನೂ ಆಫೀಸಿನ ಒಂದೇ ಕಂಪ್ಯೂಟರಿಗೆ. ಅದು ಹೋಸ್ಟ್, ಅಂದರೆ ಮನೆಯ ಯಜಮಾನ. ಸಾಹುಕಾರರ ಕ್ಯಾಬಿನ್ನಿನದೂ ಗೇಟಿನ ತೂಕದ ಕೋಣೆಯದೂ ಕ್ಲೈಂಟುಗಳು. ಕುಂತಲ್ಲಿಂದಲೇ ಲಾರಿ ನಂಬರು, ಅಂಡಿಗೆಗಳ ತೂಕ ಬರೆದು ಒತ್ತಿದರೆ ಯಜಮಾನನ ಮೂಲಕ ಊರಾಚೆ ಹೋಗಬೇಕು.

ಹೋಗುತ್ತಿರಲಿಲ್ಲ. "ಹೋಸ್ಟ್ ಸಿಗುತ್ತಿಲ್ಲ" ಎಂದು ಪರದೆ ಮುಖ ಸಿಂಡರಿಸುತ್ತಿತ್ತು. ಸಾಹುಕಾರರು ಟೆಲಿಫೋನ್ ಲೈನಿಗೆ ಶಾಪ ಹಾಕಿದರು. ಪಾಪ, ಅದರ ತಪ್ಪಿರಲಿಲ್ಲ. ಫ್ಯಾಕ್ಸ್ ಮೋಡೆಮ್ಮುಗಳು ಚೌಕಾಶಿ ಬಲ್ಲ ಪ್ರಾಣಿಗಳು. ಲೈನಿನಲ್ಲಿ ಗರಗರ ಇದ್ದರೆ ಸೆಕೆಂಡಿಗೆ 14400 ಬಿಟ್ಟಿನಿಂದ ಶುರುಮಾಡಿ 9600, 4800, ಕೊನೆಗೆ 2400ಕ್ಕಾದರೂ ಇಳಿದು, ಸಂಜೆಯ ಸಂತೆಯಲ್ಲಿ ಉಳಿದ ಬದನೆಕಾಯಿ ಮಾರುವವರ ಹಾಗೆ ವ್ಯವಹಾರ ಕುದುರಿಸಿಕೊಳ್ಳುತ್ತವೆ. ಇಲ್ಲಿ ಕಾಗದ ಮೋಡೆಮ್ಮಿನವರೆಗೇ ತಲುಪುತ್ತಿರಲಿಲ್ಲ.

"ತಮ್ಮಾ, ನೀ ಕಂಪ್ಯೂಟರ್ ಕಲ್ತಾಂವ, ಒಂದೀಟು ನೋಡು" ಎಂದು ದಿವಾನಜಿ ಕಾಕಾ ಕರೆದರು. ತೂಕದ ಕೋಣೆಯಿಂದ ಹೋಸ್ಟನ್ನು ಹೆಸರು ಹಿಡಿದು ಪಿಂಗ್ ಮಾಡಿದರೆ ಮೌನ. ಹೋಸ್ಟಿನ ಮುಂದೆ ಕುಳಿತು ಅದರ ಈಗಿನ ಐಪಿ ನಂಬರು ಬರೆದುಕೊಂಡು ಬಂದು ಕೇಳಿದರೆ "ಓ" ಎಂದಿತು. ಅಂದಮೇಲೆ ತಂತಿ ಜೀವಂತವಿದೆ, ವಿಳಾಸ ಕೆಟ್ಟಿದೆ. ಕರೆಂಟ್ ಹೋಗಿ ಬಂದಾಗಲೆಲ್ಲ ರೌಟರ್ ಹೊಸ ನಂಬರು ಹಂಚುತ್ತಿತ್ತು. ಬೆಳಿಗ್ಗೆ ಕೊನೆಯಲ್ಲಿ 5 ಇದ್ದದ್ದು ಮಧ್ಯಾಹ್ನ 9. ಕ್ಲೈಂಟುಗಳು ಹಳೆಯ ಮನೆಯ ಬಾಗಿಲನ್ನೇ ಬಡಿಯುತ್ತಿದ್ದವು. ನಮ್ಮಲ್ಲಿ ಕರೆಂಟ್ ಹೋಗುವುದು ವಿಶೇಷವೇ? ಹೋಸ್ಟಿಗೆ ಕಾಯಂ ನಂಬರು ಕೊಟ್ಟೆ. ವಿಂಡೋಸ್ ಎಕ್ಸ್‌ಪಿಗೆ ಆ ವರ್ಷ ಬಂದ ಎರಡನೇ ಸರ್ವಿಸ್ ಪ್ಯಾಕ್ ತಾನಾಗಿಯೇ ಫೈರ್‌ವಾಲ್ ಎಬ್ಬಿಸಿ ನಿಲ್ಲಿಸುತ್ತಿತ್ತು, ಅಲ್ಲಿ ಫ್ಯಾಕ್ಸಿಗೊಂದು ಕಿಂಡಿ ತೆಗೆದೆ. ಹೋಸ್ಟ್ ಮಧ್ಯಾಹ್ನದ ನಿದ್ದೆ ಹೊಡೆಯದಂತೆ ಅದರ ಪವರ್ ಸೆಟ್ಟಿಂಗನ್ನೂ ಬದಲಿಸಿದೆ.

ಕ್ಯಾಬಿನ್ನು ಸರಿಹೋಯಿತು. ಗೇಟು ಮಾತ್ರ ಒಮ್ಮೆ ಹತ್ತುವುದು, ಒಮ್ಮೆ ತಪ್ಪುವುದು. ಸುಟ್ಟುಹೋಗಿದ್ದರೆ ಬದಲಿಸಬಹುದು, ಅರ್ಧ ದಿನ ಚೆಂದಾಗಿ ನಡೆಯುವ ರೋಗಕ್ಕೆ ಮದ್ದು ಕಠಿಣ. ಕೊನೆಗೆ ಗುಟ್ಟು ಹೇಳಿದ್ದು ತೂಕದ ಕೋಣೆಯ ಹುಡುಗ: "ಜಿನ್ ಚಾಲೂ ಆದ್ರ ಹೊಕ್ಕೇತ್ರಿ, ಬಂದ್ ಆದ್ರ ಬರ್ತೈತಿ." ಗೇಟಿನ ನೆಟ್‌ವರ್ಕ್ ತಂತಿಯ ಬೆನ್ನು ಹಿಡಿದು ನಡೆದೆವು. ಶೆಡ್ಡಿನ ಗೋಡೆಗುಂಟ ಜಿನ್ ಮೋಟಾರಿನ ತ್ರೀ ಫೇಸ್ ಕೇಬಲ್ಲಿಗೇ ಹಗ್ಗದಿಂದ ಬಿಗಿದು ಒಯ್ದಿದ್ದರು. ಜಿನ್ ಓಡಿದಾಗ ಅದರ ಗದ್ದಲ ಇದಕ್ಕೂ ಅಂಟುತ್ತಿತ್ತು. ಅಲ್ಲಲ್ಲಿ ಅರಳೆಯ ಧೂಳು ಮೆತ್ತಿ ನೀಲಿ ತಂತಿ ಬಿಳಿಯಾಗಿತ್ತು. ಈ ಜಾತಿಯ ತಂತಿಗೆ ಒಂದೇ ಎಳೆಯಲ್ಲಿ 100 ಮೀಟರಿನ ಮಿತಿ. ಶೆಡ್ಡು ಸುತ್ತಿ ಬಂದದ್ದು ಅದನ್ನು ಎಂದೋ ದಾಟಿತ್ತು. ಕಾಂಪೌಂಡಿನ ಇನ್ನೊಂದು ಬದಿಯಿಂದ ಹೊಸ ತಂತಿ ಎಳೆದು, ನಡುವೆ ಗೋದಾಮಿನಲ್ಲಿ ಒಂದು ನೆಟ್‌ವರ್ಕ್ ಸ್ವಿಚ್ ಕೂಡಿಸಿದ ಮೇಲೆ ಜಿನ್ನಿನ ಆರ್ಭಟದಲ್ಲೂ ಫ್ಯಾಕ್ಸ್ ಹೋಯಿತು.

ಎಲ್ಲರಿಗೂ ಖುಷಿ, ಆ ಹುಡುಗನೊಬ್ಬನ ಹೊರತು. ಸಂಪರ್ಕ ತಪ್ಪಿದಾಗಲೆಲ್ಲ ತೂಕದ ಚೀಟಿ ಹಿಡಿದು ಆಫೀಸಿಗೆ ಬರುತ್ತಿದ್ದ, ಬಂದಾಗೊಂದು ಚಹಾ ಸಿಗುತ್ತಿತ್ತು. ಮರುದಿನವೇ ದಿವಾನಜಿ ಕಾಕಾನ ಮುಂದೆ ಅವನ ಅಹವಾಲು ಬಂತು: "ಇನ್ನ ಚಾ ಗೇಟಿಗೇ ಕಳಸ್ರಿ."