ಗುಬ್ಬಿಗೊಂದು ಸೋರೆಬುರುಡೆಯ ಮನೆ

ಗುಬ್ಬಿಯು ಮನುಷ್ಯನ ಮನೆಯೊಳಗೇ ತನ್ನ ಸಂಸಾರವನ್ನು ಹೂಡುವ ಹಕ್ಕಿ. ಮೇಡ್ಲೇರಿಯ ಹಳೆಯ ಮನೆಗಳಲ್ಲಿ ಅದಕ್ಕೆಂದು ಯಾರೂ ಗೂಡನ್ನು ಮಾಡಿಟ್ಟಿರಲಿಲ್ಲ. ತೊಲೆಗೂ ಜಂತಿಗೂ ನಡುವಿನ ಸಂದು, ಗೂಟ ಕಿತ್ತ ಗೋಡೆಯ ತೂತು, ದೇವರ ಪಟದ ಹಿಂಬದಿ, ಇಷ್ಟಿದ್ದರೆ ಅದಕ್ಕೆ ಸಾಲುತ್ತಿತ್ತು. ಮಾಳಿಗೆಯ ಮಣ್ಣನ್ನಿಳಿಸಿ ಸಿಮೆಂಟಿನ ಛಾವಣಿ ಹಾಕಿದ ಮೇಲೆ ಮಳೆಗಾಲದ ಸೋರಿಕೆ ತಪ್ಪಿತು, ಚೇಳಿನ ಭಯವೂ ಕಡಿಮೆಯಾಯಿತು, ಅದನ್ನು ಬೇಡವೆನ್ನಲಾರೆವು. ಆದರೆ ಗುಬ್ಬಿಯ ಬಿಡಾರವೂ ಅದರೊಡನೆಯೇ ಹೋಯಿತು. ನಮ್ಮ ಪಡಸಾಲೆಯ ಜಂತಿಗಳನ್ನು ಇಳಿಸಿದ ವರ್ಷ, ಕೊಕ್ಕಿನಲ್ಲಿ ಹುಲ್ಲುಕಡ್ಡಿ ಹಿಡಿದ ಜೋಡಿಯೊಂದು ನುಣ್ಣನೆಯ ಗೋಡೆಯ ಸುತ್ತ ಎರಡು ದಿನ ಹಾರಾಡಿ ಹೊರಟುಹೋದುದನ್ನು ಮನೆಯವರೆಲ್ಲರೂ ಕಂಡೆವು. ಹಿತ್ತಿಲ ಚಪ್ಪರದಲ್ಲಿ ಬೀಜಕ್ಕೆಂದು ಬಿಟ್ಟಿದ್ದ ಸೋರೆಕಾಯಿಗೆ ಬೇರೊಂದು ಕೆಲಸ ಹುಟ್ಟಿದ್ದು ಆಗ.

ನಮ್ಮ ರಾಣೆಬೆನ್ನೂರು ಸೀಮೆಯ ಕೃಷ್ಣಮೃಗಗಳಿಗೆ 1974ರಲ್ಲಿ ಸರಕಾರವು ಅಭಯಾರಣ್ಯವನ್ನು ಮಾಡಿಕೊಟ್ಟಿತು. ಅದರ ಹರವು 119 ಚದರ ಕಿಲೋಮೀಟರು. ಗುಬ್ಬಿಯು ಬೇಡುವುದು ಗೇಣು ಜಾಗವನ್ನು. 2010ರಿಂದ ಮಾರ್ಚ್ 20ನೆಯ ದಿನವನ್ನು ವಿಶ್ವ ಗುಬ್ಬಿ ದಿನವೆಂದು ಆಚರಿಸುತ್ತಿರುವರು. ಒಳ್ಳೆಯದೇ, ಆದರೆ ಮೊಟ್ಟೆಯಿಡುವುದಕ್ಕೆ ದಿನಕ್ಕಿಂತ ಸಂದು ಮುಖ್ಯ.

ಹೊಟ್ಟೆಯು ಆರು ಅಂಗುಲಕ್ಕೆ ಕಡಿಮೆಯಿಲ್ಲದ ಕಾಯಿಯನ್ನು ಆರಿಸತಕ್ಕದ್ದು. ಅಲುಗಿಸಿದರೆ ಬೀಜವು ಗಲಗಲ ಎನ್ನುವವರೆಗೆ ಅದು ಒಣಗಬೇಕು. ಅವಸರ ಮಾಡಿದರೆ ಬುರುಡೆ ಕೊಳೆಯುತ್ತದೆ. ಬಳಿಕ ಬುಡದಿಂದ ನಾಲ್ಕು ಅಂಗುಲ ಮೇಲೆ ಒಂದೂಕಾಲು ಅಂಗುಲದ ದುಂಡು ಬಾಗಿಲನ್ನು ಕೊರೆಯಬೇಕು. ಅದಕ್ಕಿಂತ ದೊಡ್ಡದಾದರೆ ಗೊರವಂಕ ಒಳಹೊಕ್ಕು ಯಜಮಾನಿಕೆ ನಡೆಸೀತು. ಕೆಳಗಾದರೆ ಮರಿಗಳು ಹೊರಗೆ ಉರುಳಿಯಾವು. ಡೊಂಕು ತಂತಿಯಿಂದ ತಿರುಳನ್ನು ಕೆರೆದು ತೆಗೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಲೇಸು, ಆ ಧೂಳು ಬಹಳ ಕೆಮ್ಮು ತರಿಸುತ್ತದೆ. ಬುಡದಲ್ಲಿ ನೀರು ಬಸಿಯಲು ದಬ್ಬಣದಿಂದ ನಾಲ್ಕು ತೂತು. ಅವರೆ ಚಪ್ಪರದ ಹಳೆಯ ತಂತಿಯೇ ತೂಗಹಾಕಲು ಸಾಕು, ಆದರೆ ಗಾಳಿಗೆ ಜೋಲಿಯಾಡದಂತೆ ಎರಡು ಕಡೆ ಬಿಗಿಯಬೇಕು. ಎತ್ತರ ಹತ್ತು ಅಡಿ. ಪಡುವಣ ಬಿಸಿಲು ತಾಗದ ಸೂರಿನಡಿಯಾದರೆ ಉತ್ತಮ.

ಬಾಗಿಲ ಮುಂದೆ ಕೂರಲು ಕಡ್ಡಿಯೊಂದನ್ನು ನೆಡಬೇಕೆಂದು ನಮ್ಮಲ್ಲಿ ಹಿರಿಯರ ಹಟ. ನೋಡಲು ಚೆಂದವೇ! ಆದರೆ ಗುಬ್ಬಿಗೆ ಅದರ ಅಗತ್ಯವಿಲ್ಲ, ಕಾಗೆಗೆ ಮಾತ್ರ ಅದು ಊಟದ ಮಣೆಯಾಗುವುದು. ಕಡ್ಡಿಯನ್ನು ನೆಡಲಿಲ್ಲ. ಸೋರೆಯಿಲ್ಲದವರು ಬಾಯಿ ಒಡೆದ ಗಡಿಗೆಯನ್ನೋ ಹಣ್ಣಿನ ಪೆಟ್ಟಿಗೆಯ ಹಲಗೆಯನ್ನೋ ಬಳಸಬಹುದು. ತಗಡಿನ ಡಬ್ಬಿ ಮಾತ್ರ ಕೂಡದು. ನಮ್ಮ ಚೈತ್ರದ ಬಿಸಿಲಿನಲ್ಲಿ ಅದು ಗೂಡಲ್ಲ, ಹಂಚು.

ಮೊದಲನೆಯ ಬೇಸಿಗೆಯಲ್ಲಿ ಯಾವ ಹಕ್ಕಿಯೂ ಇಣುಕಲಿಲ್ಲ. ಎರಡನೆಯ ವರ್ಷ ಜೋಡಿಯೊಂದು ಬಂದಿತು. ಸುಮಾರು ಹನ್ನೆರಡು ದಿನ ಕಾವು, ಆಮೇಲೆ ಎರಡು ವಾರ ಮರಿಗಳ ಚೀರಾಟ. ಕಾಳು ತಿನ್ನುವ ಹಕ್ಕಿಯಾದರೂ ಮರಿಗಳಿಗೆ ಅದು ತರುವುದು ಬಹುಮಟ್ಟಿಗೆ ಹುಳುಗಳನ್ನೇ. ಹತ್ತಿ, ಮೆಣಸಿನಕಾಯಿಗಳ ಈ ನಾಡಿನಲ್ಲಿ ಔಷಧ ಸಿಂಪಡಿಸದ ಗಿಡವೇ ಅಪರೂಪ. ಆದುದರಿಂದ ಆ ಎರಡು ವಾರ ಹಿತ್ತಿಲ ಬದನೆಗೆ ಏನನ್ನೂ ಸಿಂಪಡಿಸಲಿಲ್ಲ. ಕೆಲವು ಕಾಯಿಗಳು ಹುಳುಕಾದವು, ಅಡಿಗೆಮನೆಯಿಂದ ಗೊಣಗಾಟವೂ ಕೇಳಿಬಂದಿತು. ಮೂರು ಮರಿಗಳು ಹಾರಿದವು.

ಆಮೇಲೆ ಬುರುಡೆಯನ್ನು ಇಳಿಸಿ ಹಳೆಯ ಗೂಡನ್ನು ತೆಗೆದೆವು: ಹುಲ್ಲು, ಕೋಳಿಯ ಪುಕ್ಕ, ಕಸಬರಿಗೆಯ ಕಡ್ಡಿ, ನಡುವೆ ಮೊಳದುದ್ದದ ಪ್ಲಾಸ್ಟಿಕ್ಕಿನ ಎಳೆ. ಇಂಥ ಎಳೆ ಮರಿಯ ಕಾಲಿಗೆ ಸುತ್ತಿಕೊಂಡರೆ ಅದು ಗೂಡಿನಲ್ಲಿಯೇ ಸಾಯುವುದುಂಟು. ಅಂದಿನಿಂದ ಗೊಬ್ಬರದ ಚೀಲಗಳು ಹಿತ್ತಿಲಲ್ಲಿ ಬಿದ್ದಿರದಂತೆ ನೋಡಿಕೊಳ್ಳುತ್ತಿದ್ದೇವೆ. ಈ ವರ್ಷ ಚಪ್ಪರದ ಎರಡು ಸೋರೆಕಾಯಿಗಳಿಗೆ ಕೆಂಪು ದಾರ ಕಟ್ಟಿದೆ; ಅವು ಪಲ್ಯಕ್ಕಲ್ಲ.