ಆರೋಗ್ಯನಿಧಿಯ ಲೆಕ್ಕ

ಅಮೆರಿಕಾದಲ್ಲಿರುವ ನಮ್ಮ ಮಗಳ ಮನೆಯವರು ಕಾಯಿಲೆಯ ವೆಚ್ಚಕ್ಕೆಂದು 'ಆರೋಗ್ಯ ಉಳಿತಾಯ ಖಾತೆ'ಯಲ್ಲಿ ಹಣವನ್ನು ಕೂಡಿಡುವರು. ಅದಕ್ಕೆ ಆದಾಯತೆರಿಗೆಯಿಲ್ಲ, 2025ನೆಯ ವರ್ಷಕ್ಕೆ ಕುಟುಂಬದ ಸಾಮಾನ್ಯ ಮಿತಿಯು 8,550 ಡಾಲರು.

"ಮಾವನವರೇ, ನಮ್ಮ ಸಂಬಳದಿಂದ ಮುರಿದ ಹಣವನ್ನು ಧಣಿಯು ಕೊಟ್ಟುದೆಂದು ಬರೆಯುವುದುಂಟೆ?" ಎಂದು ಅಳಿಯಂದಿರು ಕೇಳಿದರು. ಉಂಟು. ತೆರಿಗೆಗೆ ಮೊದಲೇ ಮುರಿದುಕೊಂಡುದನ್ನು ಅಲ್ಲಿಯ ಕಾನೂನು ಹಾಗೆಯೇ ಎಣಿಸುವುದು. ಡಬ್ಲ್ಯು-2 ಎಂಬ ವಾರ್ಷಿಕ ವೇತನಪತ್ರದ 12ನೆಯ ಅಂಕಣದಲ್ಲಿ 'ಡಬ್ಲ್ಯು' ಗುರುತಿನೊಡನೆ ಅದು ಕಾಣುವುದು. 8889ನೆಯ ನಮೂನೆಯಲ್ಲಿ ಅದನ್ನು 9ನೆಯ ಸಾಲಿನಲ್ಲಿ ಬರೆಯತಕ್ಕದ್ದು. ಸಂಬಳದ ಮೂಲಕವಲ್ಲದೆ ತಾವೇ ಕಟ್ಟಿದುದು ಮಾತ್ರ 2ನೆಯ ಸಾಲಿಗೆ ಸೇರುವುದು. ಎರಡೆಡೆಯೂ ಬರೆದರೆ ಒಂದೇ ಹಣಕ್ಕೆ ಇಮ್ಮಡಿ ವಿನಾಯಿತಿಯನ್ನು ಬೇಡಿದಂತಾಗುವುದು. ಮಿತಿಮೀರಿ ಕಟ್ಟಿದ ಹಣವನ್ನು ಸಕಾಲದಲ್ಲಿ ಹಿಂದೆಗೆಯದಿದ್ದರೆ ವರ್ಷವರ್ಷವೂ ನೂರಕ್ಕೆ 6ರಂತೆ ತೆರಿಗೆ ಬೀಳುವುದು.

ರೋಗಕ್ಕೆಂದು ಕೂಡಿಟ್ಟ ಧನವು ದಂಡಕ್ಕೆ ಸಲ್ಲಬಾರದು. ಎರಡು ಸಾಲುಗಳ ಭೇದವನ್ನರಿತ ಗೃಹಸ್ಥನಿಗೆ ಆ ಭಯವಿಲ್ಲ.