ಕೊಬ್ಬರಿಗೆ ಅಂಟಿದ ಸಮುದ್ರ

ನಾನು ಇದುವರೆಗೂ ಸಮುದ್ರ ನೋಡಿಲ್ಲ. ನಮ್ಮ ಮನೆಯಲ್ಲಿ ಯಾರೂ ನೋಡಿಲ್ಲ. ಕೊಬ್ಬರಿ ದುಡ್ಡು ಬಂದಾಗ ಗೋಕರ್ಣಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಅಪ್ಪ ಅಜ್ಜಿಗೆ ಹೇಳಿದ್ದರು. ಆದರೆ ಹೋದ ವರ್ಷ ಬೋರ್‌ವೆಲ್ ಮೋಟರು ಸುಟ್ಟುಹೋಗಿ ಆ ದುಡ್ಡೆಲ್ಲ ಅದಕ್ಕೇ ಹೋಯಿತು. ಅಜ್ಜಿ ಏನೂ ಅನ್ನಲಿಲ್ಲ. ನನಗೆ ಮಾತ್ರ ಬೇಜಾರಾಯಿತು. ಅಜ್ಜಿಗೆ ಸಮುದ್ರದ ಚಿತ್ರವನ್ನಾದರೂ ಬರೆದುಕೊಡೋಣ ಅಂದುಕೊಂಡೆ.

ಮೈಸೂರು ಪ್ರವಾಸದಲ್ಲಿ ಜಗನ್ಮೋಹನ ಅರಮನೆಯಲ್ಲಿ ನಾವೆಲ್ಲ ರಾಜಾ ರವಿವರ್ಮರ ಚಿತ್ರ ನೋಡಿದೆವಲ್ಲ, ನೆನಪಿದೆಯಾ? ಶ್ರೀರಾಮ ಬಿಲ್ಲು ಹಿಡಿದು ಸಮುದ್ರದ ಮೇಲೆ ಕೋಪ ಮಾಡಿಕೊಂಡು ನಿಂತಿದ್ದಾನೆ. ವರುಣ ದೇವರು ನೀರಿನಿಂದ ಎದ್ದು ಬಂದಿದ್ದಾನೆ. ಸುತ್ತ ಅಲೆಗಳು. ರವಿವರ್ಮರು 1906ರಲ್ಲೇ ತೀರಿಕೊಂಡರು. ನೂರು ವರ್ಷ ದಾಟಿದರೂ ಆ ಅಲೆಗಳು ಈಗ ತಾನೆ ಎದ್ದ ಹಾಗಿವೆ. "ಇದು ಎಣ್ಣೆ ಬಣ್ಣದ ಚಿತ್ರ" ಎಂದು ಮೇಷ್ಟ್ರು ಹೇಳಿದ್ದು ನನ್ನ ತಲೆಯಲ್ಲಿ ಉಳಿದಿತ್ತು.

ಎಣ್ಣೆಗೆ ನಮ್ಮ ಮನೆಯಲ್ಲಿ ಬರವೇ? ರಂಗೋಲಿಗೆ ಹಾಕುವ ನೀಲಿ ಪುಡಿಗೆ ಕೊಬ್ಬರಿ ಎಣ್ಣೆ ಕಲಸಿದೆ. ನೊರೆಗೆ ಸೀಮೆಸುಣ್ಣ ಕುಟ್ಟಿ ಕಲಸಿದೆ. ಎಣ್ಣೆ ತಾಗಿದ ಕೂಡಲೇ ಅದು ಮಂಕಾಗಿ ಬೂದಿಯ ಹಾಗಾಯಿತು. ಆದರೂ ಬಿಡದೆ ಒಂದು ರಟ್ಟಿನ ಮೇಲೆ ಅಲೆ ಬರೆದೆ. ನಾಲ್ಕು ದಿನ ಬಿಸಿಲಿಗಿಟ್ಟರೂ ಅದು ಒಣಗಲಿಲ್ಲ. ಇರುವೆ ಬಂದು ಅಂಟಿಕೊಂಡವು. ರಾತ್ರಿ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಮಲಗಿದೆ.

ಬೆಳಗ್ಗೆ ನೋಡಿದರೆ ಚಿತ್ರ ಮಗುಚಿ ಕೊಬ್ಬರಿ ರಾಶಿಯ ಮೇಲೆ ಬಿದ್ದಿತ್ತು! ತಿಪಟೂರು ಮಾರ್ಕೆಟ್ಟಿಗೆ ಹೋಗಬೇಕಾದ ಕೊಬ್ಬರಿ. ವರ್ಷದ ಹತ್ತಿರ ಅಟ್ಟದ ಮೇಲೆ ಕಾಯಿ ಒಣಗಿಸಿ, ಸುಲಿದು, ಚಿಪ್ಪು ಒಡೆದು ತೆಗೆದಿದ್ದು. ಹದಿನಾಲ್ಕು ಗಿಟುಕು ನೀಲಿಯಾಗಿದ್ದವು.

"ಈ ನೀಲಿ ಗಿಟುಕನ್ನ ಯಾರ್ಲಾ ತಗೋತಾರೆ?" ಎಂದು ಅಪ್ಪ ನನ್ನ ತಮ್ಮನಿಗೆ ಬೈದರು. ಬಣ್ಣದ ಪೊಟ್ಟಣ ಅವನ ಚೀಲದ ಹತ್ತಿರ ಬಿದ್ದಿತ್ತು. ನಾನು ಬಾಗಿಲ ಹಿಂದೆ ಸುಮ್ಮನೆ ನಿಂತಿದ್ದೆ. ಬೆನ್ನಿಗೆ ಒಂದು ಏಟೂ ಬಿತ್ತು ಅವನಿಗೆ. ಅವನು ಅಳುತ್ತಾ ನನ್ನ ಕಡೆ ನೋಡಿದ. ಆದರೂ ಅಕ್ಕ ಮಾಡಿದ್ದು ಅಂತ ಹೇಳಲಿಲ್ಲ. ಆಮೇಲೆ ನನಗೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಸಾಯಂಕಾಲ ಅಪ್ಪನ ಹತ್ತಿರ ಹೋಗಿ, "ಅಪ್ಪ, ಮಾಡಿದ್ದು ನಾನು" ಅಂದೆ. ಅಪ್ಪ ನನಗೆ ಹೊಡೆಯಲಿಲ್ಲ. "ಬೆಳಗ್ಗೇನೇ ಹೇಳಬಾರದಿತ್ತಾ?" ಅಂದರು. ಆ ಮಾತು ಏಟಿಗಿಂತ ಜೋರಾಗಿ ಬಿತ್ತು.

ಮಾರನೇ ದಿನ ಡ್ರಾಯಿಂಗ್ ಮೇಷ್ಟ್ರಿಗೆ ಎಲ್ಲಾ ಹೇಳಿದೆ. ಅವರು ಜೋರಾಗಿ ನಕ್ಕುಬಿಟ್ಟರು. ಚಿತ್ರಕ್ಕೆ ಬೇಕಾದದ್ದು ಅಗಸೆ ಎಣ್ಣೆಯಂತೆ. ಅದು ಗಾಳಿಯಲ್ಲಿರುವ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಕೊಬ್ಬರಿ ಎಣ್ಣೆ ಹಾಗೆ ಗಟ್ಟಿಯಾಗುವುದಿಲ್ಲ. ನೋಡಿ ವಿಚಿತ್ರ, ನಮ್ಮ ಕಾಯಿ ಒಣಗುತ್ತದೆ, ಅದರ ಎಣ್ಣೆ ಮಾತ್ರ ಒಣಗುವುದಿಲ್ಲ!

ಮೇಷ್ಟ್ರು ತಮ್ಮ ಹಳೆಯ ಟ್ಯೂಬ್ ಬಣ್ಣಗಳನ್ನೂ ಸ್ವಲ್ಪ ಅಗಸೆ ಎಣ್ಣೆಯನ್ನೂ ಕೊಟ್ಟರು. ಅಲೆಯೆಲ್ಲ ಒಂದೇ ನೀಲಿ ಅಲ್ಲ ಎಂದು ತೋರಿಸಿಕೊಟ್ಟರು. ಬುಡದಲ್ಲಿ ಕಡು ಬಣ್ಣ. ತುದಿಯಲ್ಲಿ ನೀರು ತೆಳ್ಳಗಿದ್ದು ಬೆಳಕು ತೂರಿ ಬರುವುದರಿಂದ ತಿಳಿ ಹಸಿರು. ನೊರೆಯ ಕೆಳಗೆ ನೆರಳು. ಎಣ್ಣೆ ಬಣ್ಣ ಬೇಗ ಆರುವುದಿಲ್ಲವಾದ್ದರಿಂದ ಒಂದು ಬಣ್ಣವನ್ನು ಇನ್ನೊಂದಕ್ಕೆ ನಿಧಾನವಾಗಿ ಬೆರೆಸಬಹುದು. ಈ ಸಲ ನಾನು ಅವಸರ ಮಾಡಲಿಲ್ಲ. ಹತ್ತು ದಿನ ಬಿಟ್ಟು ಮುಟ್ಟಿದೆ. ಬೆರಳಿಗೆ ಅಂಟಲಿಲ್ಲ.

ಅಜ್ಜಿ ಚಿತ್ರವನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. "ಇಷ್ಟೊಂದ್ ನೀರಾ ಮಗಾ! ನಮ್ ತೋಟಕ್ಕಾದ್ರೂ ಬಂದಿದ್ರೆ!" ಅಂದರು. "ಉಪ್ಪು ನೀರು ಅಜ್ಜಿ" ಅಂದೆ. ಎಲ್ಲರೂ ನಕ್ಕರು. ತಮ್ಮನೂ ನಕ್ಕ.

ನೀಲಿ ಗಿಟುಕುಗಳನ್ನು ಅಪ್ಪ ಮಾರಲಿಲ್ಲ. ಎರಡು ಇನ್ನೂ ನನ್ನ ಪುಸ್ತಕದ ಗೂಡಿನಲ್ಲಿವೆ. ಅವನ್ನು ನೋಡಿದಾಗಲೆಲ್ಲ ತಮ್ಮ ಅವತ್ತು ನನ್ನ ಕಡೆ ನೋಡಿದ್ದು ನೆನಪಾಗುತ್ತದೆ. ಗೆಳೆಯರೇ, ತಪ್ಪು ಮಾಡಿದರೆ ಬೆಳಗ್ಗೆಯೇ ಹೇಳಿಬಿಡಿ. ಸಾಯಂಕಾಲದವರೆಗೆ ಕಾಯಬೇಡಿ.

— ಏಳನೇ ತರಗತಿಯ ವಿದ್ಯಾರ್ಥಿನಿ